ಯಾರೂ ಉಣ್ಣದ ಎಲೆ

ಡಬ್ಬಿಯ ಮುಚ್ಚಳ ತೆಗೆದ ಚೆನ್ನಯ ಮೊದಲು ಮೂಸಿ ನೋಡಿದ. ಆಮೇಲೆ ಮೂರೂ ಖಾನೆಗಳನ್ನು ಲಾಕಪ್ಪಿನ ನೆಲದ ಮೇಲೆ ಸಾಲಾಗಿ ಇಟ್ಟು, ಸರಳಿನ ಆಚೆ ಕುರ್ಚಿ ಎಳೆದುಕೊಂಡು ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ಸಿದ್ದಲಿಂಗಪ್ಪನ ಮುಖ ನೋಡಿದ.

"ಇವತ್ತು ಬಂತು ಸಾಯೇಬ್ರೆ. ನಿನ್ನೆ ಉಪವಾಸ."

"ಉಪವಾಸ ಯಾಕ? ಠಾಣೇದಾಗ ರೊಟ್ಟಿ ಕೊಟ್ಟಿದ್ರಲ್ಲ."

"ಅದು ರೊಟ್ಟಿಯಾ ಮಾರಾಯ್ರೆ? ಅದರಿಂದ ಚಪ್ಪಲಿಗೆ ಅಟ್ಟೆ ಹೊಲಿಸ್ಬಹುದು."

ನಾಳೆ ಖೂನಿ ಆರೋಪ ಹೊತ್ತು ಕೋರ್ಟಿಗೆ ಹೋಗಬೇಕಾದವನು ಇವತ್ತು ರೊಟ್ಟಿಯ ಮೇಲೆ ತಕರಾರು ಮಾಡುತ್ತಿದ್ದ. ಸಿದ್ದಲಿಂಗಪ್ಪನಿಗೆ ನಗುವೂ ಬಂತು, ಸಿಟ್ಟೂ ಬಂತು.

ಮಾಟುಂಗದ ಸುಮುಖ ವಿಲಾಸ ಹೋಟೆಲಿನಲ್ಲಿ ಕೆಲಸದವರ ಮೇಲ್ವಿಚಾರಣೆ ನೋಡುವ ಮೇಸ್ತ್ರಿ ಸದಾನಂದ ಕಾಣೆಯಾಗಿ ಅಂದಿಗೆ ಹದಿನೇಳು ದಿನ. ಅವನನ್ನು ಕೊಂದವನೆಂದು ಅದೇ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುವ ಚೆನ್ನಯ ಒಳಗೆ ಬಂದು ಹದಿನೈದು ದಿನ. ಹೆಣ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸಾಯನ್ ಕಡೆಯ ರೈಲು ಹಳಿಯ ಪಕ್ಕ ರಕ್ತ ಮೆತ್ತಿದ ಸದಾನಂದನ ಅಂಗಿ. ಜೊತೆಗೆ, ಕಾಣೆಯಾದ ದಿನ ಮಧ್ಯಾಹ್ನ ಚೆನ್ನಯ ಕಾಯಿ ಒಡೆಯುವ ಕತ್ತಿ ಎತ್ತಿ "ನಿನ್ನನ್ನು ಇವತ್ತು ಮುಗಿಸ್ತೇನೆ" ಎಂದು ಕೂಗಿದ್ದನ್ನು ಕೇಳಿದ ಹನ್ನೊಂದು ಜನ.

ದೊಡ್ಡ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಕಾಗದ ಆಗಲೇ ಟೈಪಾಗಿ ಮೇಜಿನ ಮೇಲೆ ಬಿದ್ದಿತ್ತು. ಸಿದ್ದಲಿಂಗಪ್ಪನ ಸಹಿ ಒಂದು ಬಾಕಿ. ಆ ಸಹಿ ಬಿದ್ದರೆ ಚೆನ್ನಯನ ಕೊರಳಿಗೆ ಹಗ್ಗ ಹತ್ತಿರವಾಗುತ್ತದೆ ಎಂಬುದು ಠಾಣೆಯ ಗೋಡೆಗಳಿಗೂ ಗೊತ್ತಿತ್ತು.

"ಚೆನ್ನಯ, ಕಡೇ ಸಲ ಕೇಳ್ತೀನಿ. ಅವತ್ತು ಜಗಳ ಯಾಕ ಆತು?"

"ಅದನ್ನು ಹೇಳುವುದಿಲ್ಲ ಅಂತ ಹೇಳಿದ್ದೇನಲ್ಲ."

"ನಿನ್ನ ಜೀವಕ್ಕಿಂತ ದೊಡ್ಡದೇನು ಅದು?"

"ಬೇರೆಯವರ ಮಾನ," ಎಂದ ಚೆನ್ನಯ. ಎಂದವನು ಅನ್ನಕ್ಕೆ ಕೈ ಹಾಕಿದ. ಮುಂಗೈ ತುಂಬ ಎಣ್ಣೆ ಸಿಡಿದ ಹಳೆಯ ಕಲೆಗಳು.

ಸಿದ್ದಲಿಂಗಪ್ಪ ಎದ್ದು ಹೊರಗೆ ಬಂದ. ವಿಜಾಪುರದ ಕಡೆಯ ಮನುಷ್ಯ. ಜೋಳದ ರೊಟ್ಟಿ ಬಿಟ್ಟು ಮುಂಬಯಿಗೆ ಬಂದು ಹನ್ನೆರಡು ವರ್ಷವಾದರೂ ಕರಾವಳಿಯವರ ಹಟ ಅವನಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮಾಟುಂಗದ ಪ್ರತಿಯೊಂದು ಹೋಟೆಲಿನ ತಂಟೆಯೂ ಅವನ ತಲೆಗೇ ಬರುತ್ತಿತ್ತು.

ಗೇಟಿನ ಹೊರಗೆ ಡಬ್ಬಾವಾಲಾ ತಲೆಯ ಮೇಲಿನ ಉದ್ದ ಹಲಗೆಯನ್ನು ಗೋಡೆಗೆ ಆನಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಅವನನ್ನು ನೋಡಿದ ಕೂಡಲೇ ಸಿದ್ದಲಿಂಗಪ್ಪನ ತಲೆಯಲ್ಲಿ ಏನೋ ಕುಟುಕಿತು.

ಹೋಟೆಲು ಇರುವುದು ಎರಡು ಗಲ್ಲಿ ಆಚೆ. ಅಲ್ಲಿಂದ ಊಟ ಬರುವುದಾದರೆ ಡಬ್ಬಾವಾಲಾ ಯಾಕೆ?

ಹತ್ತು ದಿನದಿಂದ ಈ ಡಬ್ಬಿ ತನ್ನ ಕಣ್ಣೆದುರೇ ಬಂದು ಹೋಗುತ್ತಿತ್ತು. ತಾನು ಕೆರೆಯಲ್ಲಿ ಬಿದ್ದ ಕೋಣದ ಹಾಗೆ ನೋಡುತ್ತ ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಕೋಪ ಬಂತು.

"ಈ ಡಬ್ಬಾ ಎಲ್ಲಿಂದ?" ಎಂದು ಹಿಂದಿಯಲ್ಲಿ ಕೇಳಿದ.

"ಕುರ್ಲಾ ಸಾಬ್. ಟೇಶನ್ ಕೇ ಪೀಛೇ, ಅಕ್ಕೂಬಾಯಿ ಕೀ ಖಾನಾವಳ್."

"ನಿನ್ನೆ ಯಾಕೆ ತರಲಿಲ್ಲ?"

ಡಬ್ಬಾವಾಲಾ ಹಲ್ಲು ಕಿರಿದ. ನಿನ್ನೆ ಅಲ್ಲಿ ಊಟವನ್ನೇ ಹಾಕಲಿಲ್ಲವಂತೆ. ಮಧ್ಯಾಹ್ನ ಕಳ್ಳಸಾರಾಯಿ ಹಿಡಿಯುವ ದಾರುಬಂದಿಯ ಪೊಲೀಸರು ಬಂದು ಖೋಲಿಯನ್ನೆಲ್ಲ ಜಾಲಾಡಿದರಂತೆ.

ಸಿದ್ದಲಿಂಗಪ್ಪ ನಿಂತಲ್ಲೇ ನಿಂತ. ಅಕ್ಕು ಎಂದರೆ ಕಾಣೆಯಾದ ಸದಾನಂದನ ಸ್ವಂತ ಅಕ್ಕ. ತಮ್ಮನನ್ನು ಕೊಂದವನಿಗೆ ಅಕ್ಕನೇ ದಿನಾ ಊಟ ಕಳಿಸುತ್ತಿದ್ದಾಳೆ!

ಇನ್ನೊಂದು ಮಾತೂ ಆಗ ನೆನಪಾಯಿತು. ತಮ್ಮ ಕಾಣೆಯಾದ ಮೊದಲ ನಾಲ್ಕು ದಿನ ಅಕ್ಕು ಠಾಣೆಗೆ ಬಂದು ಎದೆ ಬಡಿದುಕೊಂಡು ಅತ್ತಿದ್ದಳು. ಐದನೇ ದಿನದಿಂದ ಈ ಕಡೆ ಮುಖವೇ ಹಾಕಿರಲಿಲ್ಲ. ಕಾಟ ತಪ್ಪಿತು ಎಂದು ಠಾಣೆಯವರೆಲ್ಲ ಸಮಾಧಾನಪಟ್ಟುಕೊಂಡಿದ್ದರು. ಅವರ ಪೈಕಿ ತಾನೂ ಒಬ್ಬ.

"ಘಾಡಗೆ!" ಎಂದು ಹವಾಲ್ದಾರನನ್ನು ಕೂಗಿದ. "ಮುಂದಿನ ಲೋಕಲ್ ಹಿಡಿದು ಕುರ್ಲಾಕ್ಕೆ ಹೋಗು. ನಿನ್ನೆ ಅಕ್ಕೂಬಾಯಿಯ ಖೋಲಿಯಲ್ಲಿ ಮಾಡಿದ ಪಂಚನಾಮೆಯ ನಕಲು ಬೇಕು. ಚಹಾ ಕುಡಿಯುತ್ತ ಕೂಡಬೇಡ."

* * *

ಘಾಡಗೆ ಚಹಾ ಕುಡಿದೇ ಬಂದ. ಆದರೆ ನಕಲು ತಂದ.

ಪಂಚನಾಮೆ ಬರೆದ ಮಹಾಶಯ ಯಾರೋ ಬಲು ಶಿಸ್ತಿನವನು. ಏನು ಕಂಡಿತೋ ಅದನ್ನೇ ಬರೆದಿದ್ದ. ಯಾಕೆ ಹಾಗಿತ್ತು ಎಂದು ಕೇಳುವ ಗೋಜಿಗೆ ಹೋಗಿರಲಿಲ್ಲ. ಸಿದ್ದಲಿಂಗಪ್ಪ ಮರಾಠಿಯ ಆ ಎರಡು ಹಾಳೆಗಳನ್ನು ಮೂರು ಸಲ ಓದಿದ.

ಖೋಲಿಯ ಹೆಂಗಸು ಒಳಗಿನ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಈಗ ತೆಗೆಯಬಾರದು ಎಂದು ಅಂಗಲಾಚಿದಳು. ಬಲವಂತದಿಂದ ತೆಗೆಯಲಾಯಿತು. ಒಳಗೆ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ನೆಲದ ಮೇಲೆ ಎರಡು ಬಾಳೆಎಲೆ. ಎರಡರ ಮೇಲೂ ಬಿಸಿ ಅನ್ನ, ಕೋಳಿ ಸಾರು, ಹುರಿದ ಬಂಗುಡೆ ಮೀನು. ಯಾರೂ ಮುಟ್ಟಿದ ಗುರುತಿಲ್ಲ. ಮೊದಲ ಎಲೆಯ ಪಕ್ಕ ಗ್ಲಾಸಿನಲ್ಲಿ ಸ್ವಲ್ಪ ನಾಟಿ ದಾರು, ಒಂದು ಕಟ್ಟು ಬೀಡಿ. ಎರಡನೇ ಎಲೆಯ ಪಕ್ಕ ನಾಲ್ಕು ಹಸಿರು ಗಾಜಿನ ಬಳೆ, ಒಂದು ದಂಡೆ ಅಬ್ಬಲ್ಲಿಗೆ ಹೂವು. ದಾರು ಜಪ್ತಿ ಮಾಡಿ, ಹೆಂಗಸಿಗೆ ಎಚ್ಚರಿಕೆ ಕೊಟ್ಟು ಬಿಡಲಾಯಿತು.

ಹಿರಿಯರಿಗೆ ಎಡೆ ಇಡುವುದು ವಿಜಾಪುರದ ಕಡೆಯೂ ಇತ್ತು. ಆದರೆ ಈ ಮುಚ್ಚಿದ ಬಾಗಿಲೇಕೆ? ಅದರ ಹೊರಗೆ ಕಾವಲು ಕೂರುವುದೇಕೆ? ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳಬೇಕು. ಕರಾವಳಿಯವನೊಬ್ಬ ಹತ್ತು ಹೆಜ್ಜೆ ದೂರದಲ್ಲೇ ಊಟ ಮುಗಿಸಿ ಖಾಲಿ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ.

"ಚೆನ್ನಯ, ಒಂದು ಮಾತು ಕೇಳ್ತೀನಿ. ನಿಮ್ಮ ಕಡೆ ಒಳಗ ಎಲಿ ಬಡಿಸಿ, ಮಗ್ಗುಲಿಗೆ ದಾರು, ಬೀಡಿ ಇಟ್ಟು, ಬಾಗಲಾ ಮುಚ್ಚಿ ಹೊರಗ ಕೂಡ್ತಾರೇನು?"

"ಕೂತ್ಕೊಳ್ತಾರೆ. ಬೊಜ್ಜದ ದಿನ."

"ಬೊಜ್ಜ ಅಂದ್ರ?"

"ಮನೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಹದಿಮೂರನೇ ದಿನ ಮಾಡುವ ಕ್ರಿಯೆ. ಅವರಿಗೆ ಜೀವ ಇದ್ದಾಗ ಎಂತ ಇಷ್ಟವೋ ಅದೆಲ್ಲ ಬಡಿಸಿ ಬಾಗಿಲು ಹಾಕುವುದು. ಅವರು ಬಂದು ಉಂಡು ಹೋಗುವವರೆಗೆ ತೆಗೀಲಿಕ್ಕಿಲ್ಲ."

"ವರ್ಷಾ ವರ್ಷಾ ಹಿರೇರಿಗೂ ಹಂಗ ಮಾಡ್ತೀರೇನು?"

"ವರ್ಷಕ್ಕೊಮ್ಮೆ ಬಡಿಸುವುದುಂಟು. ಆದ್ರೆ ಅದು ಪರ್ಬದ ದಿನ, ದೀಪಾವಳಿಗೆ. ಈ ಫೆಬ್ರವರಿಯಲ್ಲಿ ಎಂತ ಪರ್ಬ? ಯಾರ ಮನೆಯಲ್ಲಿ ಸಾಯೇಬ್ರೆ? ಯಾರು ಹೋದದ್ದು?"

ಸಿದ್ದಲಿಂಗಪ್ಪ ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಕುರ್ಲಾದಾಗ. ನಿನ್ನೆ ಮಧ್ಯಾಹ್ನ. ಅಕ್ಕು ಅವರ ಮನ್ಯಾಗ."

ಚೆನ್ನಯನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. ಮುಖದ ಮೇಲೆ ಇದ್ದ ತಮಾಷೆಯೆಲ್ಲ ಒಮ್ಮೆಗೇ ಇಳಿದುಹೋಯಿತು.

"ಹಾಗಾದ್ರೆ ಸದಾನಂದ... ಸತ್ತನಾ?"

ಹದಿನೈದು ದಿನ ಏಟು ತಿಂದಾಗಲೂ ಅಳದ ಮನುಷ್ಯ ಎರಡೂ ಕೈಯಲ್ಲಿ ಸರಳು ಹಿಡಿದು ಮಗುವಿನ ಹಾಗೆ ಅತ್ತ. "ಎಲ್ಲೋ ಹೋಗಿರ್ತಾನೆ, ಬರ್ತಾನೆ, ಬಂದು ನನ್ನನ್ನು ಬಿಡಿಸ್ತಾನೆ ಅಂತ ಇದ್ದೆ ಮಾರಾಯ್ರೆ," ಎಂದ. ಈ ಅಳುವನ್ನು ನೋಡಿದ ಮೇಲೆ ಸಿದ್ದಲಿಂಗಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೋರ್ಟಿಗೆ ಬೇಕಿತ್ತು.

"ಲೆಕ್ಕ ಹೇಳು," ಎಂದ ಅವನು ಮೆಲ್ಲಗೆ. "ಹದಿಮೂರನೇ ದಿನ ಅಂದ್ರ, ಸತ್ತ ದಿನಾ ಹಿಡದೋ, ಮರುದಿನದಿಂದೋ?"

"ಹಿಡಿದು."

ಚೆನ್ನಯ ಮೂಗು ಒರೆಸಿಕೊಂಡು ಬೆರಳಿನ ಗೆಣ್ಣುಗಳ ಮೇಲೆ ಹಿಂದಕ್ಕೆ ಎಣಿಸತೊಡಗಿದ. ನಿನ್ನೆ ಇಪ್ಪತ್ಮೂರು, ಬುಧವಾರ. ಇಪ್ಪತ್ತೆರಡು, ಇಪ್ಪತ್ತೊಂದು. ಬೆರಳು ಸರಿಯುತ್ತ ಸರಿಯುತ್ತ ಹದಿಮೂರನೇ ಗೆಣ್ಣಿನ ಮೇಲೆ ನಿಂತಿತು.

"ಹನ್ನೊಂದನೇ ತಾರೀಕು. ಶುಕ್ರವಾರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸದಾನಂದ ಕಾಣೆಯಾದದ್ದು ಏಳನೇ ತಾರೀಕು ಸೋಮವಾರ. ಚೆನ್ನಯನನ್ನು ಹಿಡಿದದ್ದು ಒಂಬತ್ತು, ಬುಧವಾರ. ಸದಾನಂದ ಸತ್ತ ಶುಕ್ರವಾರ ಚೆನ್ನಯ ಇದೇ ಲಾಕಪ್ಪಿನಲ್ಲಿ, ಸಿದ್ದಲಿಂಗಪ್ಪನದೇ ಬೀಗದ ಒಳಗೆ ಇದ್ದ.

"ಈಗರ ಹೇಳು. ಜಗಳ ಯಾಕ ಆತು?"

"ಈಗ ಅಂತೂ ಹೇಳುವುದಿಲ್ಲ. ಸತ್ತವನ ಮಾನ ನಾನು ತೆಗೀಲಿಕ್ಕಿಲ್ಲ," ಎಂದು ಚೆನ್ನಯ ಗೋಡೆಯ ಕಡೆ ತಿರುಗಿ ಕೂತ.

* * *

ಕುರ್ಲಾ ಸ್ಟೇಷನ್ನಿನ ಸೇತುವೆ ಇಳಿಯುವಾಗ ಸಿದ್ದಲಿಂಗಪ್ಪ ಜೇಬು ಮುಟ್ಟಿ ನೋಡಿಕೊಂಡ. ಒಂದು ಕಡೆ ಪಂಚನಾಮೆ. ಇನ್ನೊಂದು ಕಡೆ ಬೆಳಿಗ್ಗೆ ಸುಮುಖ ವಿಲಾಸದ ಯಜಮಾನ ಕಾಂತಪ್ಪ ಧಣಿ ತಂದುಕೊಟ್ಟ ಒಂದು ಕಾಗದ.

ಅದನ್ನು ಕೇಳಿದ್ದು ಸಿದ್ದಲಿಂಗಪ್ಪನೇ. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ವಾಸವಾಗಿದ್ದವರ ಪೈಕಿ ಧಣಿಯ ಹೆಂಡತಿ ಮೋಹಿನಿಯ ಜಬಾನಿ ಹೇಳಿಕೆ ಒಂದು ಬಾಕಿ ಇತ್ತು. ಅವಳು ಐದನೇ ತಾರೀಕಿಗೇ ಸ್ಟೀಮರ್ ಹತ್ತಿ ತವರಿಗೆ ಹೋದಳು ಎಂದು ಧಣಿ ಹೇಳಿದ್ದ. ಹಾಗಿದ್ದರೆ ಏನಾದರೂ ಪುರಾವೆ ಕೊಡಿ ಎಂದಾಗ, ಮೂಲ್ಕಿಯಿಂದ ಅವಳು ಬರೆದ ಕಾಗದವನ್ನೇ ತಂದು ಕೈಗಿಟ್ಟಿದ್ದ. ತಾನು ಸುಖವಾಗಿ ತಲುಪಿದ್ದೇನೆ, ತಾಯಿಗೆ ಮೈ ಸರಿಯಿಲ್ಲ, ಇನ್ನೂ ಒಂದು ತಿಂಗಳು ಬರಲಾಗುವುದಿಲ್ಲ. ಹದಿನೇಳನೇ ತಾರೀಕಿನ ಅಂಚೆ ಮುದ್ರೆ. ಸಿದ್ದಲಿಂಗಪ್ಪ ಒಂದು ಸಲ ಓದಿ ಜೇಬಿಗೆ ಹಾಕಿದ್ದ.

"ನಮ್ಮ ಹುಡುಗನಿಗೆ ಹೊತ್ತು ಹೊತ್ತಿಗೆ ಊಟ ಮುಟ್ತಾ ಉಂಟಲ್ಲ ಸಾಯೇಬ್ರೆ?" ಎಂದು ಹೋಗುವಾಗ ಧಣಿ ಕೈ ಮುಗಿದು ಕೇಳಿದ್ದ. ಆ ಊಟ ಅವನೇ ಕಳಿಸುವುದೆಂದು ಕೇಳಿದವರು ತಿಳಿಯಬೇಕು, ಹಾಗಿತ್ತು ದನಿ. ಅತಿ ವಿನಯ ಧೂರ್ತ ಲಕ್ಷಣ ಎಂದು ಸುಮ್ಮನೆ ಹೇಳಿಲ್ಲ.

ಅಕ್ಕುವಿನ ಖಾನಾವಳಿ ಚಾಳಿನ ಕೊನೆಯಲ್ಲಿ, ನೆಲ ಅಂತಸ್ತಿನ ಎರಡು ಖೋಲಿ. ಮುಂದಿನದರಲ್ಲಿ ಊಟ, ಹಿಂದಿನದರಲ್ಲಿ ಅಡುಗೆ. ಉಣ್ಣುವವರು ಸುತ್ತಲಿನ ಕಾರಖಾನೆಗಳ ಕರಾವಳಿಯ ಜನ. ಮೂರು ಗಂಟೆಗೆ ಕೊನೆಯವನೂ ಕೈ ತೊಳೆದು ಹೋಗಿದ್ದ. ಅಕ್ಕು ನೆಲ ಸಾರಿಸುತ್ತಿದ್ದಳು.

ಪೊಲೀಸ್ ಟೋಪಿ ಕಂಡ ಕೂಡಲೇ ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಐವತ್ತರ ಹೆಂಗಸು, ಹದಿನೈದು ದಿನದ ಹಿಂದೆ ನೋಡಿದಾಗಿನಿಂದ ಹತ್ತು ವರ್ಷ ಮುದುಕಿಯಾಗಿದ್ದಳು.

"ಕೂತ್ಕೊಳ್ಳಿ ಸಾಯೇಬ್ರೆ. ನೀವು ನಮ್ಮಲ್ಲಿ ಉಣ್ಣುವವರಲ್ಲ ಅಂತ ಗೊತ್ತುಂಟು. ಬೆಲ್ಲ, ನೀರು ಆದೀತಲ್ಲ?"

"ಆಗ್ತದ ಅಕ್ಕಾರ. ಕೊಡ್ರಿ."

ಅವಳು ಒಳಗೆ ಹೋದಾಗ ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಒಂದು ಕಪ್ಪು ಹಲಗೆ. ಮೇಲೆ ಸೀಮೆಸುಣ್ಣದಲ್ಲಿ ಶ್ರೀ ಎಂದು ಬರೆದು, ಅದರ ಕೆಳಗೆ ನೀರಿನ ತೆರೆಗಳ ಹಾಗೆ ಐದು ಸುಳಿ ಹಾಕಿದ ಒಂದು ಗೆರೆ. ಆಮೇಲೆ ದುಂಡಗೆ: ಇಂದಿನ ಊಟ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಉಪ್ಪಿನಕಾಯಿ. ತಾರೀಕು ಹನ್ನೊಂದು.

ಇವತ್ತು ಇಪ್ಪತ್ತನಾಲ್ಕು. ಒಳಗಿನಿಂದ ಬರುತ್ತಿದ್ದದ್ದು ಹುರುಳಿ ಸಾರಿನ ವಾಸನೆ.

"ಹಲಗಿ ಒರಸೇ ಇಲ್ಲಲ್ಲ ಅಕ್ಕಾರ?"

ಬೆಲ್ಲದ ತಟ್ಟೆ ಇಡುತ್ತಿದ್ದ ಅಕ್ಕು ಹಲಗೆಯ ಕಡೆ ತಿರುಗಲಿಲ್ಲ. "ಬರೆಯುವವ ಇಲ್ಲ. ನನಗೆ ಅಕ್ಷರ ಬರುವುದಿಲ್ಲ. ಶೇಖರ ಹನ್ನೆರಡನೇ ತಾರೀಕು ಕೆಲಸ ಹುಡುಕಿಕೊಂಡು ಪುಣೆಗೆ ಹೋದ."

ಶೇಖರ ಅವಳ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ. ಹಗಲು ಚೆಂಬೂರಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಸದಾನಂದನಿಗೆ ಈ ಸೋದರಳಿಯನೆಂದರೆ ಪ್ರಾಣ ಎಂದು ಹೋಟೆಲಿನಲ್ಲಿ ಎಲ್ಲರೂ ಹೇಳಿದ್ದರು.

ಸಿದ್ದಲಿಂಗಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಚೊಂಬು ಕೆಳಗಿಟ್ಟ.

"ಅಕ್ಕಾರ, ತಮ್ಮನ್ನ ಕೊಂದಾಂವಗ ದಿನಾ ಊಟಾ ಯಾಕ ಕಳಸ್ತೀರಿ?"

"ಅವನೂ ಹೊಟ್ಟೆ ಇದ್ದವನೇ ಅಲ್ವಾ?"

"ಹೊಟ್ಟಿ ಎಲ್ಲಾರಿಗೂ ಐತಿ. ನಿನ್ನೆ ಎರಡು ಎಲಿ ಹಾಕಿದ್ರಿ. ಅವು ಯಾವ ಹೊಟ್ಟಿಗೆ?"

"ಅದು ನನ್ನ ಗಂಡನಿಗೆ. ಅವರ ತಿಥಿ."

"ನಿಮ್ಮ ಗಂಡ ತೀರಿಕೊಂಡದ್ದು ಮಳಿಗಾಲದಾಗ. ಮೊದಲನೇ ದಿನ ಠಾಣೇಕ್ಕ ಬಂದಾಗ ನೀವ ಹೇಳಿ ಬರಸೀರಿ."

ಅಕ್ಕು ಸಾರಿಸಿದ ನೆಲವನ್ನೇ ಮತ್ತೆ ಒರೆಸತೊಡಗಿದಳು.

"ಹದಿಮೂರನೇ ದಿನದ ಎಲಿ ಅದು," ಎಂದ ಸಿದ್ದಲಿಂಗಪ್ಪ. ದನಿ ಏರಿಸಲಿಲ್ಲ. "ನಿಮ್ಮ ತಮ್ಮ ಹನ್ನೊಂದನೇ ತಾರೀಕು ತೀರಿಕೊಂಡ. ನಿಮಗ ಗೊತ್ತಿತ್ತು. ಅವತ್ತು ಚೆನ್ನಯ ನನ್ನ ಲಾಕಪ್ಪಿನ್ಯಾಗ ಇದ್ದ. ಅದೂ ನಿಮಗ ಗೊತ್ತಿತ್ತು. ಅದಕ್ಕ ಊಟಾ ಕಳಿಸಿದ್ರಿ. ಸತ್ತಾಂವಗ ಒಂದು ಎಲಿ, ಸಾಯೂಂವಗ ಒಂದು ಡಬ್ಬಿ. ಇಬ್ಬರ ಋಣಾನೂ ಮುಗೀತು, ಹೌದಲ್ಲ?"

ಈ ಮಾತು ಹೇಳಬಾರದಿತ್ತೇನೋ ಎಂದು ಅವನಿಗೇ ಅನ್ನಿಸಿತು. ಆದರೆ ಬಾಣ ಬಿಟ್ಟಾಗಿತ್ತು. ಅಕ್ಕುವಿನ ಕೈಯ ಬಟ್ಟೆ ನೀರಿನ ಬಾಲ್ದಿಯೊಳಗೆ ಬಿತ್ತು.

"ನಾಳೆ ಅವನನ್ನು ಎಂತ ಮಾಡ್ತಾರೆ?"

"ಖೂನಿ ಅಂತ ಕೋರ್ಟಿಗೆ ಹಾಕ್ತಾರ. ಮುಂದಿಂದು ನಿಮಗೂ ಗೊತ್ತೈತಿ."

ಅಕ್ಕು ಗೋಡೆಗೆ ಒರಗಿ ಕುಸಿದು ಕೂತಳು.

"ಅವನು ಇಲ್ಲೇ ಇದ್ದ ಸಾಯೇಬ್ರೆ. ಸೋಮವಾರದಿಂದ ಶುಕ್ರವಾರದವರೆಗೆ, ಈ ಅಡುಗೆ ಖೋಲಿಯಲ್ಲೇ. ಅಂಗಿಗೆ ಹಚ್ಚಿದ್ದು ಕೋಳಿಯ ರಕ್ತ. ಸತ್ತ ಅಂತ ಜನ ನಂಬಿದ್ರೆ ಯಾರೂ ಹುಡುಕುವುದಿಲ್ಲ, ಆಮೇಲೆ ದೂರ ಎಲ್ಲಿಯಾದರೂ ಹೋಗಿ ಬದುಕ್ತೇನೆ ಅಂದ. ನಾನು ನಿಮ್ಮ ಠಾಣೆಗೆ ಬಂದು ಅತ್ತದ್ದು ನಾಟಕ."

"ಯಾರಿಗೆ ಅಂಜಿ ಅಡಗಿದ್ದ?"

"ಅದೊಂದು ಕೇಳ್ಬೇಡಿ." ಅವಳು ಮೂಗು ಒರೆಸಿಕೊಂಡಳು. "ಚೆನ್ನಯನನ್ನು ಹಿಡಿದರು ಅಂತ ಗೊತ್ತಾದ ಮೇಲೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ನನ್ನಿಂದಾಗಿ ನನ್ನ ಗೆಳೆಯ ಒಳಗೆ ಕೂತ, ನಾನು ಹೋಗಿ ಸಾಯೇಬರಿಗೆ ಎಲ್ಲ ಹೇಳಿಬಿಡ್ತೇನೆ ಅಂದ. ಶುಕ್ರವಾರ ಬೆಳಿಗ್ಗೆ ಹೊರಟ. ಶೇಖರ ಜೊತೆಗೆ ಹೋದ."

"ಎಲ್ಲಿಗೆ ಹೊರಟ?"

"ನಿಮ್ಮ ಹತ್ತಿರಕ್ಕೇ ಸಾಯೇಬ್ರೆ. ನಿಮ್ಮ ಠಾಣೆಗೆ."

ಸಿದ್ದಲಿಂಗಪ್ಪನ ಬಾಯಲ್ಲಿದ್ದ ಬೆಲ್ಲದ ರುಚಿ ಕಹಿಯಾಯಿತು. ಕುರ್ಲಾದಿಂದ ಮಾಟುಂಗಕ್ಕೆ ಲೋಕಲ್ಲಿನಲ್ಲಿ ಎಷ್ಟು ದೂರ? ನಡುವೆ ಒಂದೇ ಸ್ಟೇಷನ್ನು. ಅಷ್ಟು ದಾರಿಯನ್ನು ಅವನು ದಾಟಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ತಾನು ಠಾಣೆಯಲ್ಲಿ ಕೂತು ಚೆನ್ನಯನಿಗೆ ಬಾಯಿ ಬಿಡು ಎಂದು ಗದರುತ್ತಿದ್ದೆ ಎಂಬುದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ಮರುದಿನ ಶೇಖರ ಒಬ್ಬನೇ ಬಂದ," ಎಂದಳು ಅಕ್ಕು. "ಮೈಯೆಲ್ಲ ನಡುಗ್ತಾ ಇತ್ತು. ಅಮ್ಮ, ನಿನ್ನೆ ಮಾವ ಹೋದ, ಎಲ್ಲಿ ಹೇಗೆ ಅಂತ ಕೇಳ್ಬೇಡ, ನೀನು ಬಾಯಿ ಬಿಟ್ಟರೆ ನಾನೂ ಉಳಿಯುವುದಿಲ್ಲ ಅಂದ. ಒಂದು ಲೋಟ ನೀರು ಕುಡಿದು ಹೋದ. ಪುಣೆ ಅಂತ ನಾನು ಜನರಿಗೆ ಹೇಳುವುದು. ಎಲ್ಲಿದ್ದಾನೋ ದೇವರಿಗೇ ಗೊತ್ತು."

"ನೀವು ಅಳಲೂ ಇಲ್ಲ."

"ತಮ್ಮ ಬದುಕಿದ್ದಾಗ ಊರೆಲ್ಲ ಕೇಳುವ ಹಾಗೆ ಅತ್ತೆ. ಸತ್ತ ಮೇಲೆ ಅಳ್ಲಿಕ್ಕೆ ಜಾಗ ಸಿಗಲಿಲ್ಲ. ದಿನಾ ಈರುಳ್ಳಿ ಹೆಚ್ಚುವಾಗ ಅತ್ತೆ. ನಮ್ಮಲ್ಲಿ ಮಾವನ ಕ್ರಿಯೆ ಮಾಡಬೇಕಾದವ ಸೋದರಳಿಯ. ಅವನಿಲ್ಲ. ಎಲೆಯನ್ನಾದರೂ ಬಡಿಸದೆ ಇದ್ದರೆ ಅವನು ಹಸಿದುಕೊಂಡು ಅಲೆಯುವುದಿಲ್ಲವಾ? ನಿನ್ನೆ ಅದನ್ನೂ ಅರ್ಧದಲ್ಲೇ ಬಾಗಿಲು ತೆಗೆದು ಕೆಡಿಸಿದರು."

ಸಿದ್ದಲಿಂಗಪ್ಪ ಕೇಳಬೇಕಾದದ್ದನ್ನು ಕೇಳಿದ.

"ನಾಳೆ ಕೋರ್ಟಿಗೆ ಬಂದು ಇದನ್ನ ಹೇಳ್ತೀರೇನು?"

ಅವಳು ಹಲಗೆಯ ಕಡೆ ನೋಡಿದಳು. ಮಗನ ಕೈಬರಹ ಅಲ್ಲಿ ಹದಿಮೂರು ದಿನದಿಂದ ಹಾಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಯಾರದೋ ಭುಜ ತಾಗಿ ಸ್ವಲ್ಪ ಮಾಸಿತ್ತು.

"ಹೇಳಿದರೆ ಶೇಖರನ ಗತಿ ಏನೋ ಗೊತ್ತಿಲ್ಲ. ಹೇಳದಿದ್ದರೆ ಚೆನ್ನಯನ ಗತಿ ಗೊತ್ತುಂಟು." ಅವಳು ಎದ್ದು ನಿಂತಳು. "ಅವನನ್ನೂ ಒಬ್ಬಳು ಹೆತ್ತಿದ್ದಾಳಲ್ಲ. ಬರ್ತೇನೆ ಸಾಯೇಬ್ರೆ. ನಾಳೆ ಬಂದು ಎಲ್ಲರೆದುರು ಹೇಳ್ತೇನೆ."

ಇಷ್ಟು ಸಿಕ್ಕಮೇಲೆ ಬೇರೆ ಯಾವ ಪೊಲೀಸಿನವನಾದರೂ ಟೋಪಿ ಹಾಕಿಕೊಂಡು ಹೊರಡುತ್ತಿದ್ದ. ಸಿದ್ದಲಿಂಗಪ್ಪ ಕೂತೇ ಇದ್ದ. ಪಂಚನಾಮೆಯ ಒಂದು ಸಾಲು ಅವನನ್ನು ಏಳಗೊಡಲಿಲ್ಲ.

"ಅಕ್ಕಾರ, ದಾರು, ಬೀಡಿ ಸದಾನಂದನ ಎಲಿಗೆ. ಹಸಿರು ಬಳಿ, ಹೂವು ಯಾರ ಎಲಿಗೆ?"

ಅಕ್ಕು ಬಾಗಿಲ ಹೊರಗೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ದನಿ ತಗ್ಗಿಸಿದಳು.

"ಅವಳ ಹೆಸರು ಬಾಯಿಗೆ ತರಬಾರದು ಅಂತ ಇದ್ದೆ. ಗಂಡನ ಹೊಡೆತ ತಾಳದೆ ನನ್ನ ತಮ್ಮನ ಕೈ ಹಿಡಿದು ಈ ಹೊಸ್ತಿಲು ದಾಟಿದವಳು. ಲೋಕ ಏನು ಬೇಕಾದರೂ ಹೇಳಲಿ, ನಾಲ್ಕು ದಿನ ನನ್ನ ಮನೆಯಲ್ಲಿ ಉಂಡಿದ್ದಾಳೆ. ಶುಕ್ರವಾರ ಅವಳೂ ಅವನ ಜೊತೆಗೇ ಹೋದಳು. ಮೋಹಿನಿ, ಸಾಯೇಬ್ರೆ. ಕಾಂತಪ್ಪ ಧಣಿಯ ಹೆಂಡತಿ."

ಚೆನ್ನಯ ಬಾಯಿ ಬಿಡದ ಜಗಳ ಯಾವುದರ ಮೇಲೆಂದು ಸಿದ್ದಲಿಂಗಪ್ಪನಿಗೆ ಈಗ ಹೊಳೆಯಿತು. "ಆಕಿನೂ ಸತ್ತಾಳಂತ ಯಾರು ಹೇಳಿದ್ರು?"

"ಶೇಖರನೇ. ಮಾವನೂ ಹೋದ, ಅತ್ತೆಯೂ ಹೋದಳು ಅಂದ."

"ಇಲ್ಲ," ಎಂದ ಸಿದ್ದಲಿಂಗಪ್ಪ. ಜೇಬಿನಿಂದ ಕಾಗದ ತೆಗೆದ. "ಮೋಹಿನಿಬಾಯಿ ಊರಾಗ ಅದಾರ. ಹದಿನೇಳಕ್ಕ ಮೂಲ್ಕಿಯಿಂದ ಬರದ ಕಾಗದ ಇದು. ನಿಮ್ಮ ಲೆಕ್ಕದಾಗ ಸತ್ತು ಆರು ದಿನ ಆದಮ್ಯಾಲೆ."

"ಮೋಹಿನಿ ಬರೆಯುವುದಾ?" ಅಕ್ಕು ದುಃಖದಲ್ಲೂ ಅಚ್ಚರಿಪಟ್ಟಳು. "ಅವಳಿಗೂ ನನ್ನ ಹಾಗೆ ಒಂದಕ್ಷರ ಬರುತ್ತಿರಲಿಲ್ಲ. ತವರಿಗೆ ಕಾಗದ ಬರೆಸಲಿಕ್ಕೆ ಅಲ್ವಾ ಅವಳು ಮೊದಮೊದಲು ನಮ್ಮ ಶೇಖರನ ಹತ್ತಿರ ಬರುತ್ತಿದ್ದದ್ದು?"

ಸಿದ್ದಲಿಂಗಪ್ಪ ಕಾಗದ ಬಿಡಿಸಿ ನೆಲದ ಮೇಲೆ ಇಟ್ಟ. ಅಕ್ಕು ಬಾಗಿ ನೋಡಿದಳು. ಓದಲು ಬಾರದವಳು ಅಕ್ಷರಗಳ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಮೇಲಿನ ಶ್ರೀಕಾರದ ಕೆಳಗೆ ನಿಂತಿತು.

ಅಲ್ಲಿ ನೀರಿನ ತೆರೆಗಳ ಹಾಗೆ ಐದು ಸುಳಿ ಹಾಕಿದ ಒಂದು ಗೆರೆ ಇತ್ತು.

ಸಿದ್ದಲಿಂಗಪ್ಪ ತಲೆ ಎತ್ತಿ ಗೋಡೆಯ ಹಲಗೆ ನೋಡಿದ. ಮತ್ತೆ ಕಾಗದ ನೋಡಿದ. ಬೆಳಿಗ್ಗೆ ವಿಷಯ ಓದಿದ್ದನೇ ಹೊರತು ಕೈಬರಹ ನೋಡಿರಲಿಲ್ಲ.

"ಶೇಖರ!" ಎಂದಳು ಅಕ್ಕು. ಹದಿಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು. "ಇದು ನನ್ನ ಶೇಖರನ ಗೆರೆ. ಹದಿನೇಳನೇ ತಾರೀಕಿಗೆ ನನ್ನ ಮಗ ಬದುಕಿದ್ದ ಸಾಯೇಬ್ರೆ, ಬದುಕಿದ್ದ!"

ಅವಳು ಕಾಗದವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡವಳು, ಸತ್ತವಳ ಹೆಸರಿನಲ್ಲಿ ಮಗನಿಂದ ಇದನ್ನು ಯಾರೋ ಬರೆಸಿದ್ದಾರೆ ಎಂದು ಹೊಳೆದು ಹಾಗೇ ತಡೆದು, ನಿಧಾನವಾಗಿ ಕೈ ಇಳಿಸಿ ಸಿದ್ದಲಿಂಗಪ್ಪನ ಮುಖ ನೋಡಿದಳು. ಅರಳಿದ್ದ ಮುಖ ಬಿಳಿಚಿಕೊಂಡಿತು.

"ಇದನ್ನು ನಿಮಗೆ ತಂದುಕೊಟ್ಟದ್ದು ಯಾರು?"